ಹಳೇ ಕಾಫಿಪುಡಿಯ ಪತ್ತೇದಾರನಿಗೆ ಟೈಂಪಾಸ್ ಅನ್ನಬೇಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಅರವತ್ತರ ದಶಕದ ಪತ್ತೇದಾರಿ ಸಿನಿಮಾಗಳ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ಓದಿದೆ. ಸಿಟ್ಟು ಬಂತು. ಚಹಾ ಕುಡಿದು ಇನ್ನೊಮ್ಮೆ ಓದಿದೆ, ಇನ್ನೂ ಜಾಸ್ತಿ ಬಂತು. ಬರೆದವರು ಚಿಕ್ಕ ವಯಸ್ಸಿನವರು ಇರಬೇಕು, ಇರಲಿ, ಅದೇನು ತಪ್ಪಲ್ಲ, ನಾವೂ ಒಂದು ಕಾಲಕ್ಕೆ ಇದ್ದೆವು. ಆದರೆ ಪಾಲ್ ನ್ಯೂಮನ್ ಮಾಡಿದ 'ಹಾರ್ಪರ್' ಸಿನಿಮಾವನ್ನು ಎರಡೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಬಾಂಡ್ ಸಿನಿಮಾಗಳ ಗಾಳಿಯಲ್ಲಿ ಹುಟ್ಟಿದ್ದು, ಸುಮ್ನೆ ನಕ್ಕು ಮರೆಯುವ ಟೈಂಪಾಸ್ ಅಂತ. ಎರಡು ಸಾಲಿನಲ್ಲಿ ಎರಡು ತಪ್ಪು. ನಾನು ಮೂವತ್ತು ವರ್ಷ ಇಲ್ಲಿನ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆದವನು, ತೊಗರಿ ಚೀಲದ ಎಣಿಕೆಯಲ್ಲಿ ಒಂದು ಹೆಚ್ಚುಕಡಿಮೆ ಬಂದರೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಇದನ್ನ ಹೇಗೆ ಬಿಡಲಿ?

ಮೊದಲು ಆ ಸಿನಿಮಾ ನಾನು ನೋಡಿದ್ದು ಹೇಗೆ ಅಂತ ಹೇಳುತ್ತೇನೆ, ಯಾಕೆಂದರೆ ನನ್ನ ವಾದ ಅಲ್ಲಿಂದಲೇ ಶುರುವಾಗುವುದು.

1974 ಇರಬೇಕು. ನಾನು ಪಿಯುಸಿ ಓದುತ್ತಿದ್ದೆ. ಆಗ ಬೋರ್ಡುಗಳ ಮೇಲೆಲ್ಲ ಗುಲ್ಬರ್ಗಾ, ನಮ್ಮ ಬಾಯಲ್ಲಿ ಮಾತ್ರ ಯಾವತ್ತೂ ಕಲಬುರ್ಗಿ. (2014ರ ನವೆಂಬರ್ 1ಕ್ಕೆ ಬೋರ್ಡು ಬಾಯಿಯ ದಾರಿಗೆ ಬಂತು.) ಊರಿನ ಒಂದು ಟಾಕೀಸಿನಲ್ಲಿ ಭಾನುವಾರ ಬೆಳಿಗ್ಗೆ ಹಳೇ ಇಂಗ್ಲಿಷ್ ಪಿಕ್ಚರ್ ಹಾಕುತ್ತಿದ್ದರು. ಮ್ಯಾಟಿನಿಯಿಂದ ಸೆಕೆಂಡ್ ಶೋವರೆಗೆ ಹಿಂದಿ, ಬೆಳಿಗ್ಗೆ ಒಂದು ಆಟ ಮಾತ್ರ ಇಂಗ್ಲಿಷ್. ಗಾಂಧಿ ಕ್ಲಾಸಿನಲ್ಲಿ ಕೂತರೆ ಬೆಲೆ ಕಡಿಮೆ, ಕುತ್ತಿಗೆ ನೋವು ಜಾಸ್ತಿ. ಅಲ್ಲಿದ್ದವರಲ್ಲಿ ಮುಕ್ಕಾಲು ಜನಕ್ಕೆ ಇಂಗ್ಲಿಷ್ ಅಂದರೆ ಯೆಸ್, ನೋ, ಗೆಟ್ ಔಟ್. ನನಗೆ ಅದರ ಮೇಲೆ ಒಂದು ಹತ್ತು ಪದ ಜಾಸ್ತಿ ಬರುತ್ತಿತ್ತು. ಹಾಗಾಗಿ ಅಕ್ಕಪಕ್ಕದ ನಾಲ್ಕು ಜನಕ್ಕೆ ಅರ್ಥ ಹೇಳುವ ಕೆಲಸ ನನ್ನದೇ. ಅರ್ಧ ಸುಳ್ಳೇ ಹೇಳುತ್ತಿದ್ದೆ.

ಆ ದಿನ ಆಪರೇಟರ್ ಮಾಮಾ ರೀಲು ತಪ್ಪಿಸಿದ. ಆಗೆಲ್ಲ ಸಿನಿಮಾ ಬರುತ್ತಿದ್ದುದು ತಗಡಿನ ಡಬ್ಬಿಗಳಲ್ಲಿ. ಒಂದೊಂದು ರೀಲೂ ಹೆಚ್ಚೆಂದರೆ ಇಪ್ಪತ್ತು ನಿಮಿಷ ಓಡುತ್ತಿತ್ತು, ಒಂದು ಮುಗಿಯುವುದರೊಳಗೆ ಪಕ್ಕದ ಮಷೀನಿಗೆ ಇನ್ನೊಂದನ್ನು ಹಾಕಿಟ್ಟುಕೊಳ್ಳಬೇಕು. ಹಿಂದಿ ಪಿಕ್ಚರಾದರೆ ಮಾಮಾಗೆ ಹಾಡಿನ ಮೇಲೆ ಗೊತ್ತಾಗುತ್ತಿತ್ತು ಯಾವ ರೀಲು ಅಂತ. ಇಂಗ್ಲಿಷಿನಲ್ಲಿ ಹಾಡಿಲ್ಲ, ಎಲ್ಲರೂ ಕೋಟು ಹಾಕಿರುತ್ತಾರೆ, ಪಾಪ ಅವನಾದರೂ ಏನು ಮಾಡಿಯಾನು? ಮೂರನೆಯದರ ಜಾಗದಲ್ಲಿ ನಾಲ್ಕನೆಯದು ಹಾಕಿ, ಅದು ಮುಗಿದ ಮೇಲೆ ಮೂರನೆಯದು ಹಾಕಿದ. ನನ್ನ ಪಕ್ಕದವನು ಎದ್ದು ನಿಂತೇಬಿಟ್ಟ. "ಏ, ಸತ್ತಾವ ಮತ್ತ ಎದ್ದು ಕುಂತು ಶರಾಬು ಕುಡೀಲಕತ್ತಾನಲ್ಲೋ!" ಹಿಂದಿನಿಂದ ಒಬ್ಬರು ದೊಡ್ಡವರು, "ಫ್ಲ್ಯಾಶ್‌ಬ್ಯಾಕ್ ಅದ, ಸುಮ್ ಕೂಡು" ಅಂದರು. ಎಲ್ಲರೂ ಸುಮ್ಮನೆ ಕೂತೆವು. ಪಿಕ್ಚರ್ ಮುಗಿಸಿ ಹೊರಗೆ ಬಂದು ಬಿಸಿಲಲ್ಲಿ ಕಣ್ಣು ಕಿರಿದು ಮಾಡಿಕೊಂಡು ಸುಸಲಾ, ಮಿರ್ಚಿ ಭಜಿ ತಿನ್ನುವಾಗ ಎಲ್ಲರೂ ಹೇಳಿದ್ದು ಒಂದೇ ಮಾತು, ಭಾರಿ ಪಿಕ್ಚರ್ ಮಾಡ್ಯಾರ!

ರೀಲು ತಪ್ಪಿದರೂ ಕೆಡದ ಸಿನಿಮಾ ಅದು. ಕಥೆ ತಲೆಗೆ ಹತ್ತದವರಿಗೂ ಎರಡು ತಾಸು ಬೇಜಾರಾಗಲಿಲ್ಲ ಅಂದರೆ, ಅಲ್ಲಿ ಕಥೆಗಿಂತ ಬೇರೆ ಏನೋ ಇತ್ತು ಅಂತಾಯಿತು ಅಲ್ವಾ? ನಿಮ್ಮ ಲೇಖಕರು ಅದನ್ನೇ ನೋಡಲಿಲ್ಲ.

ಏನಿತ್ತು ಅಂತ ಹೇಳುತ್ತೇನೆ. ಮೊದಲ ಎರಡು ನಿಮಿಷ ನೋಡಿ ಸಾಕು. ಅಲಾರಂ ಹೊಡೆಯುತ್ತದೆ. ನಮ್ಮ ಪತ್ತೇದಾರ ಲ್ಯೂ ಹಾರ್ಪರ್ ಮಲಗಿದ್ದು ತನ್ನ ಆಫೀಸಿನಲ್ಲೇ, ಹೆಂಡತಿ ಮನೆಯಿಂದ ಹೊರಗೆ ಹಾಕಿದ್ದಾಳೆ. ಟಿವಿ ರಾತ್ರಿಯಿಡೀ ಹಾಗೇ ಉರಿದಿದೆ. ಎದ್ದು ಐಸ್ ನೀರಿನಲ್ಲಿ ಮುಖ ಅದ್ದುತ್ತಾನೆ. ನೀರು ಕಾಯಿಸಲು ಇಡುತ್ತಾನೆ, ಕಾಫಿ ಡಬ್ಬಿ ತೆಗೆಯುತ್ತಾನೆ, ಡಬ್ಬಿ ಖಾಲಿ. ಸುತ್ತ ನೋಡುತ್ತಾನೆ. ಕಸದ ಬುಟ್ಟಿ. ಅದರೊಳಗೆ ನಿನ್ನೆ ಎಸೆದ ಫಿಲ್ಟರ್ ಕಾಗದ, ಅದರಲ್ಲಿ ನಿನ್ನೆಯ ಒದ್ದೆ ಕಾಫಿಪುಡಿ. ಒಂದು ಗಳಿಗೆ ಯೋಚನೆ ಮಾಡುತ್ತಾನೆ. ಆಮೇಲೆ ಎತ್ತಿಕೊಳ್ಳುತ್ತಾನೆ. ಅದರ ಮೇಲೆ ಬಿಸಿನೀರು ಸುರಿದು, ಕುಡಿದು, ಮುಖ ಹುಳ್ಳಗೆ ಮಾಡುತ್ತಾನೆ. ಆಮೇಲೆ ಟೈ ಕಟ್ಟಿಕೊಂಡು ಕೋಟ್ಯಧೀಶರ ಬಂಗಲೆಗೆ ಕೆಲಸ ಕೇಳಲು ಹೊರಡುತ್ತಾನೆ.

ಇಷ್ಟೇ. ಒಂದು ಮಾತಿಲ್ಲ. ಟಾಕೀಸಿನಲ್ಲಿ ಯಾರಿಗೂ ನಾನು ಅರ್ಥ ಹೇಳಬೇಕಾಗಲಿಲ್ಲ. ಎಲ್ಲರೂ ಹೋ ಅಂತ ನಕ್ಕರು, ನಾನು ಮಾತ್ರ ಅರ್ಧ ನಕ್ಕೆ. ಯಾಕೆಂದರೆ ನಮ್ಮ ಅವ್ವ ತಿಂಗಳ ಕೊನೆಗೆ ಅದನ್ನೇ ಮಾಡುತ್ತಿದ್ದಳು. ಚಹಾ ಸೋಸುವ ಅರಿವೆಯಲ್ಲಿ ಉಳಿದ ಪುಡಿಯನ್ನು ಚೆಲ್ಲದೆ ಹಾಗೇ ಗಂಟು ಕಟ್ಟಿ ಗೂಟಕ್ಕೆ ನೇತುಹಾಕುವುದು, ಸಂಜೆ ಅದನ್ನೇ ಮತ್ತೆ ಕುದಿಸುವುದು, ಬಣ್ಣ ಬರಲಿ ಅಂತ ಚೂರು ಬೆಲ್ಲ ಜಾಸ್ತಿ ಹಾಕುವುದು. ಅದಕ್ಕೆ ನಮ್ಮ ಮನೆಯಲ್ಲಿ "ಎರಡನೇ ಕುದಿ" ಅಂತಲೇ ಹೆಸರು. ಬಂದವರಿಗೆ ಮೊದಲ ಕುದಿ, ಮನೆಯವರಿಗೆ ಎರಡನೇ ಕುದಿ. ಆ ಅರಿವೆಯ ಬಣ್ಣ ಇನ್ನೂ ಕಣ್ಣಿಗೆ ಕಟ್ಟಿದಂತಿದೆ, ಹಳೇ ಇಟ್ಟಿಗೆ ಬಣ್ಣ, ಎಷ್ಟು ಒಗೆದರೂ ಹೋಗದು. ಅಮೆರಿಕದ ಒಬ್ಬ ಬೆಳ್ಳಗಿನ, ನೀಲಿ ಕಣ್ಣಿನ ಹೀರೋ ನಮ್ಮ ಅವ್ವನ ಎರಡನೇ ಕುದಿ ಕುಡಿಯುವುದನ್ನ ಅಷ್ಟು ದೊಡ್ಡ ಪರದೆಯ ಮೇಲೆ ನೋಡಿದರೆ ಹದಿನೇಳು ವರ್ಷದ ಹುಡುಗನಿಗೆ ಏನಾಗಬೇಕೋ ಅದಾಯಿತು.

ತಮಾಷೆ ಏನಂದರೆ ಆ ದೃಶ್ಯ ಮೊದಲ ಚಿತ್ರಕಥೆಯಲ್ಲಿ ಇರಲೇ ಇಲ್ಲ. ಹೆಸರುಗಳು ಬರುವಾಗ ಹಿಂದೆ ತೋರಿಸಲು ಏನಾದರೂ ಬೇಕು ಅಂತ ಆಮೇಲೆ ಕೇಳಿ ಬರೆಸಿಕೊಂಡದ್ದು. ಬರೆದವನು ವಿಲಿಯಂ ಗೋಲ್ಡ್‌ಮನ್. ಆಗ ಸಿನಿಮಾಕ್ಕೆ ಹೊಸಬ. ಮೂರು ವರ್ಷದ ನಂತರ ಇದೇ ನ್ಯೂಮನ್‌ಗೆ 'ಬುಚ್ ಕ್ಯಾಸಿಡಿ ಅಂಡ್ ದಿ ಸನ್‌ಡಾನ್ಸ್ ಕಿಡ್' ಬರೆದು ಆಸ್ಕರ್ ತಗೊಂಡ. ನಿರ್ದೇಶಕ ಜ್ಯಾಕ್ ಸ್ಮೈಟ್. ಸಿನಿಮಾ ಬಂದದ್ದು 1966ರಲ್ಲಿ.

ಇನ್ನು ಬಾಂಡ್ ವಿಷಯ. ಈ ಕಥೆ ರಾಸ್ ಮ್ಯಾಕ್ಡೊನಾಲ್ಡ್ ಬರೆದ 'ದಿ ಮೂವಿಂಗ್ ಟಾರ್ಗೆಟ್' ಅನ್ನುವ ಕಾದಂಬರಿಯದು. ಅದು ಅಚ್ಚಾದದ್ದು 1949ರಲ್ಲಿ. ಬಾಂಡ್‌ನ ಮೊದಲ ಪುಸ್ತಕ ಬಂದದ್ದು 1953ರಲ್ಲಿ, ಮೊದಲ ಸಿನಿಮಾ 1962ರಲ್ಲಿ. ಅಂದಮೇಲೆ ಯಾರ ಗಾಳಿಯಲ್ಲಿ ಯಾರು ಹುಟ್ಟಿದ್ದು? ಹೌದು, ಬಾಂಡ್ ಓಡುತ್ತಿದ್ದ ಅಂತ ದುಡ್ಡು ಹಾಕುವವರಿಗೆ ಧೈರ್ಯ ಬಂದಿರಬಹುದು, ಅದನ್ನ ಒಪ್ಪುತ್ತೇನೆ. ಕಾದಂಬರಿಯಲ್ಲಿ ಪತ್ತೇದಾರನ ಹೆಸರು ಲ್ಯೂ ಆರ್ಚರ್. ಸಿನಿಮಾದಲ್ಲಿ ಅದು ಹಾರ್ಪರ್ ಆಯಿತು. ನ್ಯೂಮನ್‌ಗೆ 'ಹ' ಅಕ್ಷರದ ಪಿಕ್ಚರುಗಳೇ ಕೂಡಿಬಂದಿದ್ದವು, 'ಹಸ್ಲರ್' ಓಡಿತ್ತು, 'ಹಡ್' ಓಡಿತ್ತು, ಅದಕ್ಕೇ ಬದಲಾಯಿಸಿದರಂತೆ. ಅಕ್ಷರ ಕೂಡಿಬರುವುದು, ಬಿಡುವುದು ನಮ್ಮ ಗಾಂಧಿನಗರದ ರೋಗ ಅಷ್ಟೇ ಅಂದುಕೊಂಡಿದ್ದೆ.

ಬಾಂಡ್‌ಗೂ ಇವನಿಗೂ ಇರುವ ಫರಕು ನೋಡಿ. ಬಾಂಡ್ ಸರಕಾರಿ ನೌಕರ. ಸಂಬಳ, ಭತ್ಯೆ, ಗಾಡಿ, ಬಂದೂಕು ಎಲ್ಲ ಖಜಾನೆಯಿಂದ. ಹಾರ್ಪರ್ ದಿನಗೂಲಿ. ದಿನಕ್ಕೆ ಇಷ್ಟು, ಮೇಲೆ ಖರ್ಚು ಬೇರೆ ಅಂತ ಚೌಕಾಸಿ ಮಾಡಿ ಕೆಲಸ ಹಿಡಿಯುವವನು. ಅವನದೊಂದು ಪೋರ್ಷೆ ಕಾರಿದೆ, ಪೋರ್ಷೆ ಅಂದ ತಕ್ಷಣ ಹುಬ್ಬೇರಿಸಬೇಡಿ, ಅದರ ಒಂದು ಬಾಗಿಲು ಬೇರೆ ಬಣ್ಣದ್ದು. ಯಾವಾಗಲೋ ಬಡಿಸಿಕೊಂಡು, ಬಾಗಿಲು ಬದಲಾಯಿಸಿ, ಅಸ್ತರಿನ ಬಣ್ಣ ಹೊಡೆಸಿ, ಮೇಲಿನ ಬಣ್ಣಕ್ಕೆ ದುಡ್ಡಿಲ್ಲದೆ ಹಾಗೇ ಬಿಟ್ಟಿದ್ದಾನೆ. ಅದರ ಬಗ್ಗೆ ಸಿನಿಮಾದಲ್ಲಿ ಭಾಷಣ ಇಲ್ಲ. ಕಾರು ಬಂದಾಗಲೆಲ್ಲ ಆ ಬಾಗಿಲು ಕಾಣುತ್ತದೆ, ಅಷ್ಟೇ. ಇದಕ್ಕೆ ಹಗುರ ಅನ್ನುತ್ತೀರಾ? ಅನ್ನಿ. ಆದರೆ ಈ ಥರ ಹಗುರವಾಗಿ ಹೇಳಲು ಎಷ್ಟು ಭಾರದ ಕೈ ಬೇಕು ಗೊತ್ತಾ?

ಕಥೆ ಸಣ್ಣದಾಗಿ ಹೇಳಿಬಿಡುತ್ತೇನೆ, ಕೊನೆ ಹೇಳುವುದಿಲ್ಲ, ಹೆದರಬೇಡಿ. ಲಾಸ್ ಏಂಜಲೀಸ್ ಕಡೆಯ ಒಬ್ಬ ಭಾರಿ ಸಾಹುಕಾರ ಕಾಣೆಯಾಗಿದ್ದಾನೆ. ಹುಡುಕಿಕೊಡು ಅಂತ ಕರೆಸುವವಳು ಅವನ ಹೆಂಡತಿ, ಗಾಲಿಕುರ್ಚಿಯಲ್ಲಿ ಕೂತವಳು. ಗಂಡನ ಮೇಲೆ ಪ್ರೀತಿ ಅಂತೇನಿಲ್ಲ. ಅವನಿಗಿಂತ ಒಂದು ದಿನ ಜಾಸ್ತಿ ಬದುಕಿದರೆ ಸಾಕು ಅನ್ನುವ ಆಸೆ. ಈ ಪಾತ್ರ ಲಾರೆನ್ ಬಕಾಲ್ ಮಾಡಿದ್ದಾಳೆ. 1946ರ 'ದಿ ಬಿಗ್ ಸ್ಲೀಪ್' ನೋಡಿದವರಿಗೆ ಇಲ್ಲೊಂದು ಮಜಾ ಇದೆ. ಅದರಲ್ಲೂ ಮೊದಲಿಗೆ ಪತ್ತೇದಾರ ದೊಡ್ಡ ಬಂಗಲೆಗೆ ಹೋಗುತ್ತಾನೆ, ಗಾಲಿಕುರ್ಚಿಯಲ್ಲಿ ಕೂತ ಮುದುಕ ಕೆಲಸ ಕೊಡುತ್ತಾನೆ, ಆ ಮುದುಕನ ಮಗಳು ಇದೇ ಬಕಾಲ್. ಇಪ್ಪತ್ತು ವರ್ಷದ ನಂತರ ಅವಳೇ ಗಾಲಿಕುರ್ಚಿಗೆ ಬಂದು ಕೂತಿದ್ದಾಳೆ. ಬೇಕಂತಲೇ ಮಾಡಿದ್ದು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಟೈಂಪಾಸ್ ಮಾಡುವವರು ಇಷ್ಟೆಲ್ಲ ಯೋಚನೆ ಮಾಡುತ್ತಾರಾ?

ಅಲ್ಲಿಂದ ಮುಂದೆ ಹಾರ್ಪರ್ ಮನೆ ಮನೆ ತಿರುಗುತ್ತಾನೆ. ಅವನ ಕೆಲಸವೇ ಅದು. ಸಾಹುಕಾರನ ವಿಮಾನ ಓಡಿಸುವ ಹುಡುಗ, ಮನೆಯ ವಕೀಲ, ಒಂದು ಕಾಲಕ್ಕೆ ಸಿನಿಮಾ ನಟಿಯಾಗಿದ್ದು ಈಗ ಕುಡಿತಕ್ಕೆ ಬಿದ್ದವಳು, ಕ್ಲಬ್ಬಿನಲ್ಲಿ ಹಾಡುವವಳು, ಗುಡ್ಡದ ಮೇಲೆ ಗುಡಿ ಕಟ್ಟಿಕೊಂಡು ಕೂತ ಒಬ್ಬ ಸ್ವಾಮಿ. ಆ ಸ್ವಾಮಿಯ ಭಾಗ ಬಂದಾಗ ನಮ್ಮ ಟಾಕೀಸಿನಲ್ಲಿ ಬಿದ್ದ ನಗು ಹೇಳಬಾರದು. ಗುಡ್ಡದ ಮೇಲೆ ಭಜನೆ, ಗುಡ್ಡದ ಕೆಳಗೆ ಬೇರೆಯದೇ ವ್ಯವಹಾರ. ಅದಕ್ಕೂ ನಾನು ಅರ್ಥ ಹೇಳಬೇಕಾಗಲಿಲ್ಲ. ಕುಡುಕಿ ನಟಿಯ ಪಾತ್ರ ಶೆಲಿ ವಿಂಟರ್ಸ್‌ದು. ಹಾರ್ಪರ್ ಅವಳ ಎದುರಿಗೆ ಕೂತು, ನಿಮ್ಮ ಅಭಿಮಾನಿ ಅಂತ ಹೊಗಳಿ, ಗ್ಲಾಸಿನ ಮೇಲೆ ಗ್ಲಾಸು ತುಂಬಿಸಿ ಮಾತು ಹೊರಗೆ ತೆಗೆಯುತ್ತಾನೆ. ನಗು ಬರುತ್ತದೆ, ಜೊತೆಗೆ ಅವಳ ಮೇಲೆ ಅಯ್ಯೋ ಅನ್ನಿಸುತ್ತದೆ. ಅದು ಆದಮೇಲೆ ಅವನ ಮೇಲೆ ಸ್ವಲ್ಪ ಸಿಟ್ಟೂ ಬರುತ್ತದೆ.

ಅರವತ್ತರ ದಶಕದ ಕುಣಿತ, ಮೋಜು ಅಂತ ನಿಮ್ಮ ಲೇಖಕರು ಬರೆದಿದ್ದಾರಲ್ಲ, ಅದೂ ಇದೆ. ಸಾಹುಕಾರನ ಮಗಳು ಈಜುಕೊಳದ ಹಲಗೆಯ ಮೇಲೆ ಟ್ರಾನ್ಸಿಸ್ಟರ್ ಹಾಡಿಗೆ ಕುಣಿಯುತ್ತಾಳೆ. ನಮ್ಮವರು ಸಿಳ್ಳೆ ಹೊಡೆದರು, ಇಲ್ಲ ಅನ್ನಲ್ಲ. ಆದರೆ ನಾನು ನಿಜ ಹೇಳಲಾ? ಅದು ಮೇ ತಿಂಗಳು. ಹೊರಗೆ ಬಿಸಿಲು 43ರ ಮೇಲೆ. ನಮ್ಮ ಓಣಿಗೆ ಮೂರು ದಿನಕ್ಕೊಮ್ಮೆ ನಳ ಬರುತ್ತಿತ್ತು, ಅದೂ ರಾತ್ರಿ ಎರಡಕ್ಕೆ. ಪರದೆಯ ತುಂಬಾ ಅಷ್ಟು ನೀಲಿ ನೀರು ಸುಮ್ಮನೆ ನಿಂತಿದೆ, ಕೊಡ ಹಿಡಿದು ಪಾಳಿಯಲ್ಲಿ ನಿಂತವರು ಯಾರೂ ಇಲ್ಲ! ನಾನು ನೋಡಿದ್ದು ಆ ನೀರನ್ನು. ಪಕ್ಕದವನೂ ಅಷ್ಟೇ, ಮೆಲ್ಲಗೆ, "ಎಷ್ಟ್ ನೀರ್ ಅದ ನೋಡೋ" ಅಂದ.

ಕೊಲೆ ಮಾಡಿದವರು ಯಾರು ಅನ್ನುವುದು ಇಂಥ ಸಿನಿಮಾದಲ್ಲಿ ಊಟದ ಕೊನೆಗೆ ಕೊಡುವ ಎಲೆ ಅಡಿಕೆ ಇದ್ದಂತೆ. ಇರಬೇಕು, ಆದರೆ ಅದೇ ಊಟ ಅಂದುಕೊಂಡರೆ ಉಪವಾಸ ಬೀಳುತ್ತೀರಿ. ಇದು ನಮಗೆ ಕನ್ನಡದಲ್ಲೇ ಗೊತ್ತಿತ್ತು. ಎನ್. ನರಸಿಂಹಯ್ಯನವರ ಪುಸ್ತಕಗಳನ್ನು ದಿನಕ್ಕಿಷ್ಟು ಪೈಸೆ ಅಂತ ಬಾಡಿಗೆ ತಂದು ಓದಿದವರು ನಾವು. ಐನೂರಕ್ಕೂ ಜಾಸ್ತಿ ಕಾದಂಬರಿ ಬರೆದ ಮನುಷ್ಯ, ಎಷ್ಟು ಓದಿದರೂ ಮುಗಿಯುತ್ತಿರಲಿಲ್ಲ. ನಮ್ಮ ಬಾಡಿಗೆ ಅಂಗಡಿಯಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಮೊದಲನೇ ಪುಟದಲ್ಲೇ ಕೊಲೆಗಾರನ ಹೆಸರು ಪೆನ್ಸಿಲ್‌ನಲ್ಲಿ ಬರೆದಿಡುತ್ತಿದ್ದ. ಕೆಲವೊಮ್ಮೆ ನಿಜ, ಕೆಲವೊಮ್ಮೆ ಬೇಕಂತಲೇ ಸುಳ್ಳು ಹೆಸರು. ಆದರೂ ಓದುತ್ತಿದ್ದೆವು. ಪತ್ತೇದಾರ ಪುರುಷೋತ್ತಮ ಮುಂದಿನ ಮನೆಯ ಬಾಗಿಲು ಬಡಿದಾಗ ಯಾರು ತೆಗೆಯುತ್ತಾರೆ, ಏನು ಹೇಳುತ್ತಾರೆ ಅನ್ನುವುದೇ ಖುಷಿ.

ಪತ್ತೇದಾರಿಕೆ ನಮ್ಮ ಕಡೆ ಇಲ್ಲವೇ ಇಲ್ಲ ಅಂತ ಯಾರಾದರೂ ಅಂದರೆ ನಾನು ನಮ್ಮ ಕಾಕಾನನ್ನು ತೋರಿಸುತ್ತಿದ್ದೆ, ಈಗ ಅವನಿಲ್ಲ. 1981ರಲ್ಲಿ ನಮ್ಮ ಅಕ್ಕನಿಗೆ ಶಹಾಬಾದಿನಿಂದ ಒಂದು ಸಂಬಂಧ ಬಂತು. ಹುಡುಗ ಸಿಮೆಂಟ್ ಫ್ಯಾಕ್ಟರಿಯಲ್ಲಿ ಮಷೀನ್ ಮೇಲೆ ಇದ್ದಾನೆ, ಪರ್ಮನೆಂಟು ಅಂತ ನಡುವಿನವನು ಹೇಳಿದ್ದ. ಹೆಣ್ಣು ನೋಡಲು ಬಂದರು. ಎಲ್ಲರೂ ಒಳಗೆ ಅವಲಕ್ಕಿ, ಚಹಾ, ಮೊದಲ ಕುದಿಯದೇ ಮತ್ತೆ. ಕಾಕಾ ಮಾತ್ರ ಬೀಡಿ ಸೇದುವ ನೆಪ ಮಾಡಿ ಹೊರಗೆ ಹೋದವನು ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿಗಳ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ಹುಡುಗನ ಚಪ್ಪಲಿ ಕೈಗೆತ್ತಿಕೊಂಡು, ತಿರುಗಿಸಿ, ಹೊಲಿಗೆಯ ಸಂದಿಯಲ್ಲಿ ಉಗುರು ಹಾಕಿ ಕೆರೆದು, ಉಗುರು ನೋಡಿಕೊಂಡ. ನಾನು ಕಿಟಕಿಯಿಂದ ನೋಡುತ್ತಿದ್ದೆ. ರಾತ್ರಿ ಅಪ್ಪನಿಗೆ ಹೇಳಿದ. "ಸಿಮೆಂಟಿನಾಗ ಕೆಲಸ ಮಾಡವ್ರ ಚಪ್ಪಲಿ ಹೊಲಿಗಿ ಒಳಗ ಬೂದಿ ಕುಂತಿರ್ತದ, ತೊಳದ್ರೂ ಹೋಗಂಗಿಲ್ಲ. ಈ ಹುಡುಗನ ಚಪ್ಪಲಿ ಚೊಕ್ಕ ಅದ. ಇವ ಮಷೀನ್ ಮ್ಯಾಲ ಇಲ್ಲ."

ಮರುದಿನ ಪ್ಯಾಸೆಂಜರ್ ಗಾಡಿ ಹತ್ತಿ ಶಹಾಬಾದಿಗೆ ಹೋದ. ಫ್ಯಾಕ್ಟರಿ ಗೇಟಿನ ಎದುರಿಗೆ ಪಾನ್ ಅಂಗಡಿ. ಒಂದು ಪಾನ್ ಹಾಕಿಸಿಕೊಂಡ, ಆಮೇಲೆ ಇನ್ನೊಂದು, ಆಮೇಲೆ ಒಂದು ಕಟ್ ಚಹಾ. ಮಳೆ, ತೊಗರಿ ರೇಟು, ಫರ್ಸಿ ಕಲ್ಲಿನ ರೇಟು ಎಲ್ಲ ಮಾತಾಡಿದ. ಸೈರನ್ ಆಗಿ ಪಾಳಿ ಬಿಡುವ ಹೊತ್ತಿಗೆ ಪಾನ್ ಅಂಗಡಿಯವನು ತಾನಾಗೇ ಉದ್ರಿ ಪುಸ್ತಕ ತೆಗೆದು ತೋರಿಸುತ್ತಿದ್ದ! ಬ್ಯಾಂಕ್ ಪಾಸ್‌ಬುಕ್ ಸುಳ್ಳು ಹೇಳಬಹುದು, ಪಾನ್ ಅಂಗಡಿ ಉದ್ರಿ ಪುಸ್ತಕ ಹೇಳಲ್ಲ ಅನ್ನುವುದು ಕಾಕಾನ ಸಿದ್ಧಾಂತ, ಲೆಕ್ಕ ಬರೆದವನಾಗಿ ನಾನೂ ಅದಕ್ಕೆ ಸಹಿ ಹಾಕುತ್ತೇನೆ. ಹುಡುಗ ಮಷೀನ್ ಮೇಲೆ ಇರಲಿಲ್ಲ, ಟೈಂ ಆಫೀಸಿನಲ್ಲಿ ಹಾಜರಿ ಬರೆಯುತ್ತಿದ್ದ. ಪರ್ಮನೆಂಟೂ ಅಲ್ಲ. ಆದರೆ ಪ್ರತಿ ತಿಂಗಳು ಪಗಾರದ ದಿನವೇ ಅವನ ಉದ್ರಿ ಚುಕ್ತಾ. ಅದರ ಜೊತೆಗೆ ಗೆಳೆಯನೊಬ್ಬ ಆಸ್ಪತ್ರೆಯಲ್ಲಿದ್ದಾಗ ಅವನದೂ ಎರಡು ತಿಂಗಳು ಇವನೇ ತುಂಬಿದ್ದ. ಕಾಕಾ ಬಂದು ಹೇಳಿದ್ದು ಇಷ್ಟು. "ಸುಳ್ ಹೇಳಿದಾವ ನಡುವಿನಾವ. ಹುಡುಗ ಉದ್ರಿ ಇಟ್ಕೊಳ್ಳಾವಲ್ಲ. ಕೊಟ್ಬಿಡ್ರಿ." ಕೊಟ್ಟೆವು.

ಹೆಣ ಇಲ್ಲ, ರಕ್ತ ಇಲ್ಲ, ಕೇಸು ಮುಗಿಯಿತು. ಖರ್ಚು ರೈಲು ಟಿಕೆಟ್, ಎರಡು ಪಾನು, ಒಂದು ಕಟ್ ಚಹಾ. ಈಗ ಹೇಳಿ, ಹಾರ್ಪರ್ ಆ ಕುಡುಕಿ ನಟಿಯ ಎದುರು ಕೂತು ಮಾಡಿದ್ದಕ್ಕೂ ಕಾಕಾ ಪಾನ್ ಅಂಗಡಿ ಮುಂದೆ ನಿಂತು ಮಾಡಿದ್ದಕ್ಕೂ ಏನು ವ್ಯತ್ಯಾಸ? ಅವನು ಶರಾಬು ಸುರಿದ, ಇವನು ಚಹಾ ಕುಡಿದ. ಅದಕ್ಕೇ ಆ ಸಿನಿಮಾ ನಮ್ಮೂರಿನ ಗಾಂಧಿ ಕ್ಲಾಸಿಗೂ ಹತ್ತಿರ ಆದದ್ದು ಅಂತ ನನ್ನ ಲೆಕ್ಕ.

ಕನ್ನಡದಲ್ಲಿ ಆಗ ಏನಿತ್ತು ಅಂದರೆ ಸಿಐಡಿ 999 ಇತ್ತು. ನಿಮ್ಮ ಲೇಖಕರು ಅದನ್ನೂ ಇದರ ಜೊತೆಗೆ ಒಂದೇ ಚೀಲಕ್ಕೆ ತುಂಬಿದ್ದಾರೆ. 1968ರಲ್ಲಿ ದೊರೆ-ಭಗವಾನ್ ಅವರ 'ಜೇಡರ ಬಲೆ', ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', ಮುಂದೆ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಜಾಕ್‌ಪಾಟ್‌ನಲ್ಲಿ ನಾಯಕಿಯಾಗಿ ಬಂದ ಹುಡುಗಿ ಆಮೇಲೆ ಹಿಂದಿಯ ದೊಡ್ಡ ರೇಖಾ ಆದಳು, ಅದು ಬೇರೆ ಮಾತು. ರಾಜಕುಮಾರ್ ಅವರನ್ನು ಧೋತರ, ಕಿರೀಟದಲ್ಲಿ ನೋಡಿದ್ದ ಜನಕ್ಕೆ ಸೂಟು ಬೂಟಿನ ಸಿಐಡಿ 999 ಪ್ರಕಾಶ್‌ ಪಾತ್ರದಲ್ಲಿ ನೋಡಿ ಹುಚ್ಚು ಹಿಡಿಯಿತು, ನನಗೂ ಹಿಡಿಯಿತು. ಆ ಸಿನಿಮಾಗಳ ಮೇಲೆ ನನ್ನದೊಂದು ಕೆಟ್ಟ ಮಾತಿಲ್ಲ. ಆದರೆ 999 ಬಾಂಡ್‌ನ ತಮ್ಮ, ಸರಕಾರದವನು. ಅವನು ಎರಡನೇ ಕುದಿ ಕುಡಿಯುವುದನ್ನು ಯಾರೂ ನೋಡಿಲ್ಲ. ಅವನನ್ನೂ ಹಾರ್ಪರ್‌ನನ್ನೂ ಒಂದೇ ಅಂದರೆ ಡಿಸಿ ಸಾಹೇಬರನ್ನೂ ನಮ್ಮ ಕಾಕಾನನ್ನೂ ಒಂದೇ ಅಂದ ಹಾಗೆ. ಹಾರ್ಪರ್‌ಗೆ ಜೋಡಿ ಬೇಕಂದರೆ 1967ರ 'ಟೋನಿ ರೋಮ್' ತಗೊಳ್ಳಿ. ಫ್ರಾಂಕ್ ಸಿನಾತ್ರಾ ಮಯಾಮಿಯಲ್ಲಿ ದೋಣಿಯ ಮೇಲೆ ವಾಸ ಮಾಡುವ ಖಾಸಗಿ ಪತ್ತೇದಾರ, ಹಾಡು ಹಾಡಿದ್ದು ಮಗಳು ನ್ಯಾನ್ಸಿ. ಅದು ನಿಜಕ್ಕೂ ಟೈಂಪಾಸ್. ನಾನೇ ಹೇಳುತ್ತೇನೆ.

ಹಾರ್ಪರ್‌ನಲ್ಲಿ ತಪ್ಪೇ ಇಲ್ಲ ಅಂತಲ್ಲ. ಕ್ಲಬ್ಬಿನ ಹಾಡುಗಾರ್ತಿಗೆ ಹಿಂಸೆ ಕೊಡುವ ಒಂದು ದೃಶ್ಯ ಇದೆ, ಅದುವರೆಗೆ ನಗುತ್ತಿದ್ದವನಿಗೆ ಗಂಟಲು ಕಟ್ಟುತ್ತದೆ, ಅಷ್ಟು ಹೊತ್ತು ತೋರಿಸಬೇಕಿರಲಿಲ್ಲ. ಹೆಂಡತಿಯ ವಿಷಯವೂ ಅಷ್ಟೇ. ಜ್ಯಾನೆಟ್ ಲೀ ಮಾಡಿದ ಪಾತ್ರ ಅದು. ಬೇಕಾದಾಗ ರಾತ್ರಿ ಬಂದು ಬಾಗಿಲು ಬಡಿಯುತ್ತಾನೆ, ಬೆಳಿಗ್ಗೆ ಅವಳು ಸಂತೋಷದಿಂದ ನಾಷ್ಟಾ ಮಾಡುತ್ತಿದ್ದರೆ ಕೆಲಸ ಇದೆ ಅಂತ ಎದ್ದು ಹೋಗುತ್ತಾನೆ. ಹದಿನೇಳನೇ ವಯಸ್ಸಿಗೆ ಅದು ಗಂಡಸುತನ ಅನ್ನಿಸಿತ್ತು. ಹೋದ ತಿಂಗಳು ಮೊಮ್ಮಗಳ ಜೊತೆ ಕೂತು ಟಿವಿಯಲ್ಲಿ ಮತ್ತೆ ನೋಡಿದೆ, ಕೆಳಗೆ ಅಕ್ಷರ ಬರುತ್ತಿತ್ತು, ಈ ಸಲ ಯಾರಿಗೂ ಸುಳ್ಳು ಅರ್ಥ ಹೇಳಬೇಕಾಗಲಿಲ್ಲ. ಆ ದೃಶ್ಯ ಬಂದಾಗ ಅವಳು, "ತಾತ, ಇವ್ನಿಗೆ ಕಸದ ಬುಟ್ಟಿ ಕಾಫೀನೇ ಸರಿ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಮನೆಯವರು ಅಡುಗೆ ಮನೆಯಿಂದ ನಕ್ಕರು, ಅದಕ್ಕೂ ಇರಲಿಲ್ಲ.

ಮೊಮ್ಮಗಳು ನೋಡುವ ಈಗಿನ ಪತ್ತೇದಾರಿ ಸರಣಿಗಳನ್ನೂ ಅವಳ ಜೊತೆ ಕೂತು ನೋಡಿದ್ದೇನೆ. ಹಗಲಲ್ಲೂ ಕತ್ತಲೆ. ಯಾವಾಗಲೂ ಮಳೆ. ಪೊಲೀಸನಿಗೆ ನಿದ್ದೆ ಇಲ್ಲ, ಮಗು ಸತ್ತಿರುತ್ತದೆ, ಕೊಲೆಗಾರ ಗೋಡೆ ಮೇಲೆ ಚಿತ್ರ ಬರೆದಿರುತ್ತಾನೆ. ಒಬ್ಬರೂ ನಗಲ್ಲ. ಎಂಟು ಕಂತು ನೋಡಿದರೂ ಆ ಮನುಷ್ಯ ಬೆಳಿಗ್ಗೆ ಏನು ಕುಡಿಯುತ್ತಾನೆ ಅನ್ನುವುದು ತಿಳಿಯಲ್ಲ. ಚೆನ್ನಾಗಿ ಮಾಡಿರುತ್ತಾರೆ, ಹೆದರಿಕೆಯೂ ಆಗುತ್ತದೆ. ಆದರೆ ಅದು ಭಾರ ಅಂತ ದೊಡ್ಡದು, ಇದು ಹಗುರ ಅಂತ ಸಣ್ಣದು ಅನ್ನುವ ತಕ್ಕಡಿ ಯಾರು ಕೊಟ್ಟರು ನಿಮ್ಮ ಲೇಖಕರಿಗೆ? ನಮ್ಮ ಮಿಲ್ಲಿನಲ್ಲಿ ಒಳ್ಳೇ ಬೇಳೆ ಯಾವುದು ಅಂತ ಚೀಲದ ತೂಕದ ಮೇಲೆ ಹೇಳುತ್ತಿರಲಿಲ್ಲ. ಒಂದು ಹಿಡಿ ಬೇಯಿಸಿ ನೋಡುತ್ತಿದ್ದೆವು.

ನನ್ನದು ಒಂದು ಸಣ್ಣ ಕೋರಿಕೆ. ಆ ಲೇಖಕರು ಇನ್ನೊಮ್ಮೆ ಆ ಸಿನಿಮಾ ನೋಡಲಿ, ಫೋನಿನಲ್ಲಿ ಓಡಿಸಿ ಓಡಿಸಿ ಬೇಡ, ಪೂರ್ತಿ 121 ನಿಮಿಷ ಕೂತು. ಆಮೇಲೂ ಟೈಂಪಾಸ್ ಅನ್ನಿಸಿದರೆ ಅನ್ನಲಿ. ಕಲಬುರಗಿ ಕಡೆ ಬಂದರೆ ನಮ್ಮ ಮನೆಗೆ ಬರಲಿ, ಜಗಳ ಮುಂದುವರಿಸೋಣ. ಮೊದಲ ಕುದಿಯ ಚಹಾನೇ ಕೊಡುತ್ತೇನೆ.

ಇತಿ,
ನಿಮ್ಮ ಹಳೇ ಓದುಗ, ಕಲಬುರಗಿ

ತಾ.ಕ.: ಪತ್ರ ಕಳಿಸುವ ಮೊದಲು ನಮ್ಮ ಭಾವನವರಿಗೆ ಓದಿ ತೋರಿಸಿದೆ, ಅವರ ಚಪ್ಪಲಿ ವಿಷಯ ಇದೆಯಲ್ಲ, ಒಪ್ಪಿಗೆ ಬೇಕಲ್ಲ. ಪೂರ್ತಿ ಕೇಳಿಸಿಕೊಂಡು ತುಂಬಾ ಹೊತ್ತು ನಕ್ಕರು. ಆವತ್ತು ಅವರು ಹಾಕಿಕೊಂಡು ಬಂದದ್ದು ಅವರ ಅಣ್ಣನ ಹೊಸ ಚಪ್ಪಲಿಯಂತೆ. ಅವರದರ ಉಂಗುಷ್ಠ ಹಿಂದಿನ ದಿನವೇ ಕಿತ್ತು ಹೋಗಿತ್ತಂತೆ. "ಟೈಂ ಆಫೀಸ್ ಗೇಟಿನ ಬಾಜೂಕೇ ಇತ್ತಲ್ಲ ಮಾರಾಯ, ನನ್ ಚಪ್ಪಲಿ ತುಂಬ ಸಿಮೆಂಟೇ ಇತ್ತು" ಅಂದರು.